ರುಮಾಲಿಗೂ ಜಾಗವಿದ್ದ ಕಾರು

ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಕಾರಿನ ಮಾತೇಕೆ ಎಂದು ನೀವು ಕೇಳಬಹುದು. ಎದುರಿಗೆ ಗೂಳಿ ಬಂದರೆ ಬಳೆ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲಬೇಕಾದ ಜಾಗ ಅದು. ಕಾರುಗಳೆಲ್ಲ ಗೊದೌಲಿಯಾ ಆಸುಪಾಸಿನಲ್ಲೇ ಉಳಿಯಬೇಕು, ಮುಂದಕ್ಕೆ ಕಾಲ್ನಡಿಗೆಯೇ ಗತಿ. 2021ರ ಡಿಸೆಂಬರಿನಲ್ಲಿ ಕಾರಿಡಾರ್ ಉದ್ಘಾಟನೆಯಾದ ಮೇಲೆ ಗಂಗೆಯ ಕಡೆಯಿಂದ ದೇವಸ್ಥಾನಕ್ಕೆ ವಿಶಾಲವಾದ ದಾರಿಯಿದೆ. ಆದರೂ ನನಗೆ ಗಲ್ಲಿಯೇ ಇಷ್ಟ. ರುದ್ರಾಕ್ಷಿ, ಕುಂಕುಮ, ಬಣ್ಣದ ಮರದ ಗೊಂಬೆಗಳನ್ನು ನೋಡುತ್ತ ನಡೆದರೆ ಮಾತಿಗೆ ಮಾತು ಬೆಳೆಯುತ್ತದೆ. ಜತೆಗೆ ನಮ್ಮ ಸೋದರಮಾವ ಇದ್ದರಂತೂ ಅದು ಎಲ್ಲಿ ಶುರುವಾದರೂ ಮೈಸೂರಿನ ಅವರ ಮನೆಯ ಡಾಡ್ಜ್ ಕಿಂಗ್ಸ್‌ವೇಗೇ ಬಂದು ನಿಲ್ಲುತ್ತದೆ.

ಆ ಕಾರು ಅವರ ತಂದೆ ಕೊಂಡದ್ದು. ಹೆಸರಿಗೆ ಅಮೆರಿಕದ್ದು, ಜೋಡಣೆಯಾದದ್ದು ಮುಂಬಯಿಯ ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಡಾಡ್ಜ್, ಪ್ಲಿಮತ್ ಕಾರುಗಳನ್ನು ಇಲ್ಲೇ ಹೊರತಂದಿತು. ಈ ಮಾತು ಬಂದಾಗ ಮಾವ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯದೆ ಇರುವುದಿಲ್ಲ. ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಹೊರದೇಶದ ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಮಾಡಿದವರು ಅವರು. ವಾಲ್‌ಚಂದರು ಅದಕ್ಕೆ ಕೈಜೋಡಿಸಿದರು, ಮೈಸೂರು ಸಂಸ್ಥಾನವೂ ಆಸಕ್ತಿ ತೋರಿಸಿತು, ಆದರೆ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ವಾಲ್‌ಚಂದರ ಇನ್ನೊಂದು ಸಾಹಸವಾದ ವಿಮಾನ ಕಾರ್ಖಾನೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಬಂತು. ಕಾರಿನ ಕಾರ್ಖಾನೆ ಮಾತ್ರ ಮುಂಬಯಿಗೆ ಹೋಯಿತು. ಮಾವನಿಗೆ ಆ ಕೊರಗು ಇವತ್ತಿಗೂ ಇದೆ. ನನಗೂ ಇದೆ.

ಡಾಡ್ಜ್‌ನಲ್ಲಿ ಕೂತವರಿಗೆ ಅದರ ಸುಖ ಗೊತ್ತು. ಆಗ ಕ್ರೈಸ್ಲರ್ ಕಂಪನಿಯ ಅಧ್ಯಕ್ಷರಾಗಿದ್ದ ಕೆ. ಟಿ. ಕೆಲ್ಲರ್, ತಲೆಯ ಮೇಲೆ ಹ್ಯಾಟು ಇಟ್ಟುಕೊಂಡೇ ಜನ ಕಾರಿನಲ್ಲಿ ಕೂರುವಂತಿರಬೇಕು ಎಂದು ಹಟ ಹಿಡಿದವರು. ಸೂರು ಎತ್ತರ, ಸೀಟು ಕುರ್ಚಿಯಷ್ಟೇ ಎತ್ತರ. ಹ್ಯಾಟಿಗೆಂದು ಬಿಟ್ಟ ಜಾಗ ನಮ್ಮ ಕಡೆ ರುಮಾಲಿಗೆ ಒದಗಿತು. ಮಾವನ ತಂದೆ ಜರಿಪೇಟ ಸುತ್ತಿಕೊಂಡು ಕೂತರೆ ಮದುವೆ ಮನೆಯಲ್ಲಿ ಇಳಿಯುವವರೆಗೆ ಅದರ ಒಂದು ಸುತ್ತೂ ಸಡಿಲವಾಗುತ್ತಿರಲಿಲ್ಲವಂತೆ. ಗೇರು ಸ್ಟೀರಿಂಗಿನ ಬುಡದಲ್ಲೇ ಇರುವುದರಿಂದ ಮುಂದಿನ ಉದ್ದ ಸೀಟಿನಲ್ಲಿ ಮೂವರು ಸಲೀಸಾಗಿ ಕೂರಬಹುದು. ಮಂಡಿನೋವಿನ ಅಜ್ಜಿ ಬಗ್ಗದೆ, ಯಾರ ಕೈಯನ್ನೂ ಹಿಡಿಯದೆ ಹತ್ತಿ ಕೂರುತ್ತಿದ್ದರು. ಬೀದಿಯ ಬಸುರಿ ಹೆಂಗಸರು ಹೆರಿಗೆಗೆ ಹೋದದ್ದು, ಬಾಣಂತಿಯರು ಮಗು ಎತ್ತಿಕೊಂಡು ಮನೆಗೆ ಬಂದದ್ದು ಇದೇ ಕಾರಿನಲ್ಲಿ.

ಹಾಗೆಂದು ಸಾಕುವುದು ಸುಲಭವಲ್ಲ. ಆರು ಸಿಲಿಂಡರಿನ ದೊಡ್ಡ ಇಂಜಿನ್ನು, ಪೆಟ್ರೋಲು ಕುಡಿಯುತ್ತದೆ. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಎಷ್ಟೋ ಮಂದಿ ಇಂಥ ಕಾರುಗಳಿಗೆ ಡೀಸೆಲ್ ಇಂಜಿನ್ನು ಕೂರಿಸಿದರು, ಎಷ್ಟೋ ಮಂದಿ ಗುಜರಿಗೆ ಹಾಕಿದರು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಕಾರು ನಿಂತುಬಿಡುತ್ತದೆ. ಆಗ ಮಾವ ಬಾನೆಟ್ ಎತ್ತಿ, ಇಂಜಿನ್ನಿನ ಪಕ್ಕದ ಆ ಪುಟ್ಟ ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಚೊಂಬಿನಿಂದ ನೀರು ಹನಿಸುತ್ತಾರೆ. ಬಟ್ಟೆಯಿಂದ ಹಬೆ ಏಳುವುದು ನಿಂತ ಮೇಲೆ ಸ್ಟಾರ್ಟರ್ ಒತ್ತಿದರೆ ಕಾರು ಹೊರಟಿತು. ಬಿಡಿಭಾಗ ಸಿಗದಿದ್ದರೆ ಲೇಥಿನವರ ಹತ್ತಿರ ಕೂತು ಬುಷ್ ಕಡೆಸುತ್ತಾರೆ. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟವರಲ್ಲ.

ಗಂಗೆಯ ಆಚೆ ದಡದ ರಾಮನಗರ ಕೋಟೆಗೆ ನಾವು ಹೋದದ್ದೂ ಕಾರಿನ ಆಸೆಗೇ. ಕಾಶಿ ಮಹಾರಾಜರ ಆ ಕೋಟೆಯ ಮ್ಯೂಸಿಯಮ್ಮಿನಲ್ಲಿ ಪಲ್ಲಕ್ಕಿ, ಅಂಬಾರಿ, ಆಯುಧಗಳ ಜತೆಗೆ ಹಳೆಯ ಅಮೆರಿಕನ್ ಕಾರುಗಳೂ ಇವೆ. ಮಾವ ಅವುಗಳ ಮುಂದೆ ಬಹಳ ಹೊತ್ತು ನಿಂತರು.

"ಮಾವ, ನಿಮ್ಮದನ್ನೂ ಹೀಗೆ ಎಲ್ಲಾದರೂ ಒಪ್ಪಿಸಿಬಿಟ್ಟರೆ ನಿಶ್ಚಿಂತೆ ಅಲ್ಲವೇ?" ಎಂದೆ.

"ರಾಜರ ಕಾರು ನಾಲ್ಕು ಜನ ನೋಡುವ ಹಾಗೆ ಇರಬೇಕಾದ್ದೇ ಕಣಯ್ಯಾ. ನಮ್ಮದು ಓಡಬೇಕು. ನಿಲ್ಲಿಸಿದರೆ ಬ್ರೇಕಿನ ಸಿಲಿಂಡರು ತುಕ್ಕು ಹಿಡಿಯುತ್ತೆ, ಪಂಪಿನ ಡಯಾಫ್ರಂ ಒಣಗುತ್ತೆ, ಟೈರು ನಿಂತಲ್ಲೇ ಚಪ್ಪಟೆಯಾಗುತ್ತೆ. ಓಡಿ ಸವೆದದ್ದನ್ನು ರಿಪೇರಿ ಮಾಡಬಹುದು, ನಿಂತು ಕೆಟ್ಟದ್ದನ್ನು ಕಷ್ಟ," ಎಂದರು.

ಮಾರನೆಯ ದಿನ ಮತ್ತೆ ಗಲ್ಲಿಯಲ್ಲಿ ನಡೆಯುವಾಗ ಆ ಮಾತು ನಿಜವೆನ್ನಿಸಿತು. ಇಲ್ಲಿಯ ಕಲ್ಲುಹಾಸೂ ದಿನವೂ ಜನ ತುಳಿಯುವುದರಿಂದಲೇ ದಾರಿಯಾಗಿ ಉಳಿದಿದೆ. ಮಾವನ ಡಾಡ್ಜ್ ಇಷ್ಟು ವರ್ಷ ಬಾಳಿದ್ದು ಅದಕ್ಕೆ ಮೈತುಂಬ ಕೆಲಸವಿದ್ದುದರಿಂದ, ಹತ್ತಿ ಕೂರುವ ಮಂದಿ ಇದ್ದುದರಿಂದ. ಅಭಿಮಾನವೊಂದೇ ಆಗಿದ್ದರೆ ಎಂದೋ ಹೊದಿಕೆಯ ಕೆಳಗೆ ಸೇರುತ್ತಿತ್ತು.

ನಿಮ್ಮ ಮನೆಯ ಷೆಡ್ಡಿನಲ್ಲೂ ಅಂಥದ್ದೊಂದು ಇದ್ದರೆ ಮಾರುವ ಯೋಚನೆಯನ್ನು ಸ್ವಲ್ಪ ಮುಂದಕ್ಕೆ ಹಾಕಿ. ಹಳೆಯ ಪೆಟ್ರೋಲು ಬಸಿದು, ಬ್ರೇಕು ಬಿಚ್ಚಿಸಿ ನೋಡಿಸಿ, ಹೊಸ ಬ್ಯಾಟರಿ ಹಾಕಿಸಿ. ಆಮೇಲೆ ಬೀದಿಯಲ್ಲಿ ಮಂಡಿನೋವಿನ ಹಿರಿಯರು ಯಾರಿದ್ದಾರೋ ಅವರನ್ನು ಕೂರಿಸಿಕೊಂಡು ದೇವಸ್ಥಾನದವರೆಗೆ ಹೋಗಿಬನ್ನಿ.