ಪರ್ಮಿಟ್ ದಾಖವಾ!

ಹಳಿಯಾಳದಲ್ಲಿ ಮನೆ ಮೇಲೆ ಸೋಲಾರ್ ಕೂರಿಸುವಾಗ ಕಿವಿಗೊಟ್ಟು ಕೇಳಿ. ಪ್ಯಾನೆಲ್ ಎತ್ತುವವರದು ಮರಾಠಿ, ಡ್ರಿಲ್ ಹಿಡಿದವನದು ಉರ್ದು, ಚಹಾಕ್ಕೆ ಕರೆಯುವ ಮನೆಯಾಕೆಯದು ಕೊಂಕಣಿ. ಹೆಸ್ಕಾಂ ಅರ್ಜಿಗಷ್ಟೇ ಕನ್ನಡ. ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದರೆ ಹಿಂದಿಯೂ ಸೇರುತ್ತದೆ. ಮಾತು ಯಾವುದಾದರೂ ಕೆಲಸ ಸಾಗುತ್ತದೆ. ಆದರೆ ಆ ಕೆಲಸ ಮಾಡಲು ಅಧಿಕಾರ ಯಾರಿಗಿದೆ?

ಕಟ್ಟಳೆ ಹೊಸದಲ್ಲ. 1956ರ ವಿದ್ಯುತ್ ನಿಯಮಗಳಲ್ಲಿ ಇದ್ದದ್ದೇ 2010ರ ಸುರಕ್ಷತಾ ನಿಯಮಗಳಿಗೂ ಬಂತು. ಬಲ್ಬು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ವೈರಿಂಗಿಗೆ ಲೈಸೆನ್ಸ್ ಇರುವ ಗುತ್ತಿಗೆದಾರ ಬೇಕು. ಅರ್ಹತಾ ಪತ್ರವಿರುವ ಮೇಲ್ವಿಚಾರಕ ನಿಂತು ಮಾಡಿಸಬೇಕು. ತಂತಿ ಮುಟ್ಟುವವನ ಹತ್ತಿರ ಪರ್ಮಿಟ್ ಇರಬೇಕು. ನಮ್ಮಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೇಂದ್ರದ 600 ಗಂಟೆಗಳ ‘ಸೂರ್ಯಮಿತ್ರ’ ತರಬೇತಿ ಮುಗಿಸಿದವರಿಗೆ ಸಿಗುವುದು ತರಬೇತಿಯ ಪ್ರಮಾಣಪತ್ರ. ಅದು ಪರ್ಮಿಟ್ ಅಲ್ಲ.

ಸೂಪಾ ಅಣೆಕಟ್ಟಿನಿಂದ ನಾಡಿಗೆಲ್ಲ ಕರೆಂಟು ಕೊಟ್ಟ ಜೋಯಿಡಾದಲ್ಲಿ ಎಷ್ಟೋ ಮಜರೆಗಳು ಕಂಬಕ್ಕಿಂತ ಮೊದಲು ಸೋಲಾರ್ ಕಂಡವು. 12 ವೋಲ್ಟಿನ ದೀಪ ಕಟ್ಟುತ್ತ ಕೈ ಪಳಗಿಸಿಕೊಂಡವರು ಈಗ ದಾಂಡೇಲಿಯ ತಾರಸಿ ಹತ್ತುತ್ತಿದ್ದಾರೆ. ಅಪಾಯ ಇರುವುದು ಅಲ್ಲೇ. ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 400 ವೋಲ್ಟ್ ದಾಟುತ್ತದೆ. ಮೇನ್ ಆಫ್ ಮಾಡಿದರೂ ಬಿಸಿಲಿರುವ ತನಕ ಪ್ಯಾನೆಲಿನ ತಂತಿಯಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಕರೆಂಟು ಹರಿಯುವಾಗ ಕನೆಕ್ಟರ್ ಕಿತ್ತರೆ ಕಿಡಿಯಲ್ಲ, ನಿಂತು ಉರಿಯುವ ಜ್ವಾಲೆ. ಇದನ್ನು ಹುಡುಗನಿಗೆ ಅವನ ಮನೆಮಾತಿನಲ್ಲಿ ಹೇಳಿಕೊಟ್ಟವರು ಯಾರು?

ಪರ್ಮಿಟ್ ಇದ್ದವನಿಗೂ ಗಡಿ ತಪ್ಪಿದ್ದಲ್ಲ. ಅನಮೋಡ ಘಾಟ್ ಇಳಿದು ಗೋವಾಕ್ಕೆ ದುಡಿಯಲು ಹೋದರೆ, ಅವನ ಕೊಂಕಣಿ ಅಲ್ಲಿ ಒಡನೆ ಸಲ್ಲುತ್ತದೆ. ಕರ್ನಾಟಕದ ಪರ್ಮಿಟ್ಟಿಗೆ ಮಾತ್ರ ಆ ಸರ್ಕಾರದ ಮಾನ್ಯತೆ ಬೇಕು.

ಹಾಗಂತ ನಿಯಮ ಸಡಿಲಿಸಿ ಎನ್ನುವವನು ನಾನಲ್ಲ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಇದೆ, ಊಟ-ವಸತಿಯೊಡನೆ ಉಚಿತ ತರಬೇತಿ ಕೊಡುತ್ತದೆ. ಅಂಥ ಕಡೆಯೇ ಪರಿವೀಕ್ಷಣಾಲಯದವರು ಪರ್ಮಿಟ್ ಶಿಬಿರ ನಡೆಸಲಿ. ಪಾಠ ಮರಾಠಿ, ಕೊಂಕಣಿಯಲ್ಲೂ ಆಗಲಿ. ಅನುಭವವಿದ್ದೂ ಕಾಗದವಿಲ್ಲದವರು ಮೊದಲು ಅಲ್ಲಿಗೆ ಬರಲಿ.

ಮನೆಯವರದೂ ಪಾಲಿದೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಎಂಬುದು ಎಲ್ಲರಿಗೂ ಬಾಯಿಪಾಠ. ಏಣಿ ಇಡುವ ಮುನ್ನ ಇನ್ನೊಂದು ಮಾತನ್ನೂ ಕೇಳಿಬಿಡಿ: “ಭಾವು, ಪರ್ಮಿಟ್ ದಾಖವಾ!” ಅಣ್ಣಾ, ಪರ್ಮಿಟ್ ತೋರಿಸಿ!