ತಲೆಕೆಳಗಾಗಿ ನಡೆದ ಬೆಕ್ಕು

ಪ್ರಥಮ ಪಿಯುಸಿಯ ಮೊದಲ ಕಂಪ್ಯೂಟರ್ ಲ್ಯಾಬ್ ನನಗೆ ಇಂದಿಗೂ ನೆನಪಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ನನ್ನ ಹೆಸರನ್ನು ಹತ್ತು ಸಲ ಪರದೆಯ ಮೇಲೆ ತೋರಿಸುವ ಪೈಥಾನ್ ಪ್ರೋಗ್ರಾಂ ಬರೆಯಬೇಕಿತ್ತು. ಬೋರ್ಡ್ ಮೇಲಿದ್ದುದನ್ನು ಅಕ್ಷರ ಬಿಡದೆ ಟೈಪ್ ಮಾಡಿದೆ. ರನ್ ಕೊಟ್ಟರೆ ಕೆಂಪು ಅಕ್ಷರಗಳಲ್ಲಿ 'ಇಂಡೆಂಟೇಶನ್ ಎರರ್' ಎಂದು ಬಂತು. ಒಂದು ಸಾಲಿನ ಮುಂದೆ ಖಾಲಿ ಜಾಗ ಬಿಟ್ಟಿರಲಿಲ್ಲ. ಪಕ್ಕದಲ್ಲಿದ್ದ ಗೆಳತಿ "ಇಷ್ಟೇನಾ? ಕೊಡು ಇಲ್ಲಿ" ಎಂದು ಕೀಬೋರ್ಡ್ ತನ್ನತ್ತ ಎಳೆದುಕೊಂಡು ಎರಡೇ ಕ್ಷಣದಲ್ಲಿ ಸರಿ ಮಾಡಿದಳು. ನನ್ನ ರೆಕಾರ್ಡ್‌ಗೆ ಸಹಿ ಬಿತ್ತು. ಆದರೆ ಆ ಖಾಲಿ ಜಾಗ ಏಕೆ ಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಕೇಳಲು ನಾಚಿಕೆ. ವರ್ಷವಿಡೀ ಹೀಗೇ ಸಾಗಿತು. "ನನಗೆ ಇದು ಬರಲ್ಲ, ಕಾಮರ್ಸ್‌ಗೆ ಹೋಗ್ತೀನಿ" ಎಂದು ಅಮ್ಮಿಯ ಮುಂದೆ ಅತ್ತದ್ದೂ ಉಂಟು.

ವಾರ್ಷಿಕ ಪರೀಕ್ಷೆ ಮುಗಿದ ದಿನ ನಮ್ಮ ಕಂಪ್ಯೂಟರ್ ಮೇಡಂ ಒಂದು ಮಾತು ಹೇಳಿದರು: "ರಜೆಯಲ್ಲಿ ಸ್ಕ್ರ್ಯಾಚ್ ಕಲಿ. ಒಬ್ಬಳೇ ಕಲೀಬೇಡ, ಚಿಕ್ಕ ಮಕ್ಕಳಿಗೆ ಹೇಳಿಕೊಡ್ತಾ ಕಲಿ."

ಸ್ಕ್ರ್ಯಾಚ್ ಎಂಬುದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಮತ್ತು ಅವರ ತಂಡ ರೂಪಿಸಿ, 2007ರಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟ ಪ್ರೋಗ್ರಾಮಿಂಗ್ ಭಾಷೆ. ಸೀಮರ್ ಪೇಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ ಮಾಡಿದ 'ಲೋಗೋ' ಭಾಷೆಯೇ ಇದಕ್ಕೆ ಪ್ರೇರಣೆ. ಲೋಗೋದಲ್ಲಿ ಆಮೆ ನಡೆದರೆ ಸ್ಕ್ರ್ಯಾಚ್‌ನಲ್ಲಿ ನಡೆಯುವುದು ಕಿತ್ತಳೆ ಬಣ್ಣದ ಬೆಕ್ಕು. ಇಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕಿಲ್ಲ. ಪ್ರತಿ ಆಜ್ಞೆಯೂ ಒಂದು ಬಣ್ಣದ ತುಂಡು. ಮೌಸ್‌ನಿಂದ ಎಳೆದು ತಂದು ಒಂದರ ಕೆಳಗೊಂದು ಜೋಡಿಸಿದರೆ ಬೆಕ್ಕು ಅದರಂತೆ ಕುಣಿಯುತ್ತದೆ. ಕಾಗುಣಿತ ತಪ್ಪುವ ಭಯವಿಲ್ಲ. ತಪ್ಪುವುದಿದ್ದರೆ ನಮ್ಮ ಯೋಚನೆ ಮಾತ್ರ, ಅದೂ ಕಣ್ಣೆದುರೇ ಕಾಣುತ್ತದೆ.

ಅಣ್ಣನ ಹಳೆಯ ಲ್ಯಾಪ್‌ಟಾಪ್‌ಗೆ ಅದನ್ನು ಹಾಕಿಕೊಂಡೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ನಮ್ಮ ಗಲ್ಲಿಯ ಐದು ಮಕ್ಕಳು ಪಡಸಾಲೆಯಲ್ಲಿ ಚಾಪೆ ಹಾಸಿ ಕುಳಿತರು. ಮೊದಲ ದಿನ ಬೆಕ್ಕನ್ನು ನಡೆಸುವ ಪಾಠ. ಹಸಿರು ಬಾವುಟ ಒತ್ತಿದಾಗ, ಹತ್ತು ಹೆಜ್ಜೆ ನಡೆ, ಅಂಚು ಸಿಕ್ಕರೆ ಹಿಂದಿರುಗು, ಇದನ್ನೇ ಸದಾ ಮಾಡುತ್ತಿರು. ಮೌಸ್ ಹಿಡಿದಿದ್ದವನು ಪಕ್ಕದ ಮನೆಯ ಏಳನೇ ತರಗತಿಯ ಹುಡುಗ. ಬೆಕ್ಕು ಬಲ ಅಂಚಿನವರೆಗೆ ನೆಟ್ಟಗೆ ಹೋಯಿತು. ಹಿಂದಿರುಗುವಾಗ ಕಾಲು ಮೇಲೆ, ತಲೆ ಕೆಳಗೆ! ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಯಾಕೆ ಹೀಗಾಯ್ತು ಆಪಾ? ಇರಿ, ನಾನೇ ನೋಡ್ತೀನಿ" ಎಂದ ಹುಡುಗ.

"ಇಷ್ಟೇನಾ? ಕೊಡು ಇಲ್ಲಿ" ಎಂದು ನಾನು ಮೌಸ್ ಕಸಿದುಕೊಂಡೆ. ಬೆಕ್ಕು ಪೂರ್ತಿ ಸುತ್ತದೆ ಎಡಕ್ಕೂ ಬಲಕ್ಕೂ ಮಾತ್ರ ತಿರುಗುವಂತೆ ಮಾಡುವ ಒಂದು ತುಂಡಿದೆ. ಅದನ್ನು ಸೇರಿಸಿದೆ. ಸರಿಯಾಯಿತು. ಉಳಿದವರು ಚಪ್ಪಾಳೆ ತಟ್ಟಿದರು, ಅವನು ತಟ್ಟಲಿಲ್ಲ.

ಮರುದಿನ ಅವನು ಬರಲಿಲ್ಲ. ಮೂರನೇ ದಿನವೂ ಇಲ್ಲ. ಅವನ ತಾಯಿಯನ್ನು ಕೇಳಿದೆ. "ಅದೇನೋ, ನನಗೆ ಅದು ಬರಲ್ಲ ಅಂತಾನಮ್ಮ" ಎಂದರು.

ಆ ಮಾತು ನನಗೆ ಚುಚ್ಚಿತು. ಅದು ನಾನು ಅಮ್ಮಿಗೆ ಹೇಳಿದ ಮಾತೇ ಆಗಿತ್ತು. ಅಂದೇ ಸಂಜೆ ಅವನ ಬಳಿ ಹೋಗಿ, "ನನ್ನದು ತಪ್ಪಾಯ್ತು. ನಾಳೆ ಬೆಕ್ಕಿಗೆ ಹಾರೋದು ಕಲಿಸಬೇಕು, ಬಾ. ನಾನು ಮೌಸ್ ಮುಟ್ಟೋದೇ ಇಲ್ಲ" ಎಂದೆ.

ಬಂದ. ಐವತ್ತು ಮೇಲೆ, ಐವತ್ತು ಕೆಳಗೆ, ಎರಡು ತುಂಡು ಜೋಡಿಸಿದ. ಬಾವುಟ ಒತ್ತಿದರೆ ಬೆಕ್ಕು ಅಲ್ಲಾಡಲಿಲ್ಲ. ನೂರು ಮಾಡಿದ, ನೂರೈವತ್ತು ಮಾಡಿದ. ಏನೂ ಇಲ್ಲ. ನನಗೆ ಕಾರಣ ಗೊತ್ತಿತ್ತು, ನಾಲಿಗೆ ತುದಿಗೂ ಬಂದಿತ್ತು. ಕೈ ಕಟ್ಟಿ ಕುಳಿತೆ. ಅಮ್ಮಿ ತಂದಿಟ್ಟ ಚಹಾ ಆರಿತು. ಕೊನೆಗೆ ಅವನು ಎರಡು ತುಂಡುಗಳನ್ನೂ ಬಿಡಿಸಿ ಒಂದೊಂದನ್ನೇ ಒತ್ತಿ ನೋಡಿದ. ಬೆಕ್ಕು ಮೇಲೆ ಹೋಯಿತು. ಕೆಳಗೆ ಬಂತು.

"ಆಪಾ, ಇದು ಆಗಲೇ ಹಾರ್ತಾ ಇತ್ತು! ಬೇಗ ಇಳಿದುಬಿಡ್ತಿತ್ತು, ನಮಗೆ ಕಾಣ್ತಿರಲಿಲ್ಲ ಅಷ್ಟೇ!"

ನಡುವೆ 'ಕಾಯು' ಎನ್ನುವ ತುಂಡನ್ನು ತಾನೇ ಹುಡುಕಿ ಇಟ್ಟ. ಬೆಕ್ಕು ಹಾರಿತು. ಅಂದು ಅವನ ಮುಖ ನೋಡಬೇಕಿತ್ತು.

ಆ ರಜೆಯಲ್ಲಿ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು. ಸ್ಕ್ರ್ಯಾಚ್‌ನಲ್ಲಿ 'ಹತ್ತು ಸಲ ಮಾಡು' ಎನ್ನುವ ತುಂಡು ಬಾಯಿ ತೆರೆದಂತಿರುತ್ತದೆ. ಪುಟ್ಟ ಹುಡುಗಿಯೊಬ್ಬಳು ಹೆಜ್ಜೆಯ ತುಂಡನ್ನು ಅದರ ಹೊರಗೆ ಜೋಡಿಸಿ, ಬೆಕ್ಕು ಒಂದೇ ಸಲ ನಡೆಯಿತೆಂದು ದೂರಿದಳು. "ಬಾಯೊಳಗೆ ಇರೋದು ಮಾತ್ರ ಮತ್ತೆ ಮತ್ತೆ ನಡೆಯುತ್ತೆ" ಎಂದು ಹೇಳುತ್ತಿದ್ದ ನಾನು ಅಲ್ಲಿಗೇ ನಿಂತೆ. ಪೈಥಾನ್‌ನ ಆ ಖಾಲಿ ಜಾಗವೂ ಇದೇ ಬಾಯಿಯಲ್ಲವೇ? ಒಳಗೆ ಸರಿಸಿ ಬರೆದ ಸಾಲುಗಳಷ್ಟೇ ಲೂಪ್‌ಗೆ ಸೇರಿದವು ಎಂದು ಅದು ಕಂಪ್ಯೂಟರ್‌ಗೆ ಹೇಳುತ್ತಿತ್ತು. ಒಂದು ವರ್ಷ ಲ್ಯಾಬ್‌ನಲ್ಲಿ ಹೊಳೆಯದ್ದು ಚಾಪೆಯ ಮೇಲೆ ಹೊಳೆಯಿತು.

ಬೆಕ್ಕು ಕುಣಿಸಿದರೆ ಪರೀಕ್ಷೆಯಲ್ಲಿ ಅಂಕ ಬರುವುದಿಲ್ಲ, ನಿಜ. ಅಲ್ಲಿ ಪೈಥಾನ್ ಬರೆಯಲೇಬೇಕು. ನಾನು ಈಗಲೂ ಕೋಲನ್ ಮರೆಯುತ್ತೇನೆ, ಬ್ರಾಕೆಟ್ ಮುಚ್ಚುವುದನ್ನು ಬಿಡುತ್ತೇನೆ. ಆದರೆ ಕೆಂಪು ಅಕ್ಷರ ಕಂಡರೆ ಮೊದಲಿನಂತೆ ಹೆದರುವುದಿಲ್ಲ. ಒಂದೊಂದೇ ಸಾಲನ್ನು ಬಿಡಿಸಿ ನೋಡುತ್ತೇನೆ, ಆ ಹುಡುಗ ಮಾಡಿದಂತೆ.

ಗೆಳತಿಯ ಮೇಲೆ ನನಗೆ ಬೇಸರವಿಲ್ಲ. ಅವಳು ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು, ನಾನೂ ಹಾಗೆಯೇ ಮಾಡಿದೆ. ಈಗ ದ್ವಿತೀಯ ಪಿಯುಸಿಯಲ್ಲಿದ್ದೇನೆ. ಜೂನಿಯರ್‌ಗಳು ಲ್ಯಾಬ್‌ನಲ್ಲಿ ತಡವರಿಸಿ ನನ್ನನ್ನು ಕರೆದಾಗ ಕೈ ತಾನಾಗಿಯೇ ಕೀಬೋರ್ಡ್‌ನತ್ತ ಹೋಗುತ್ತದೆ. ಹಿಂದಕ್ಕೆ ಎಳೆದುಕೊಂಡು, "ಯಾವ ಸಾಲು ಒಳಗಿರಬೇಕು, ಯಾವುದು ಹೊರಗೆ, ನೀನೇ ಹೇಳು" ಎಂದು ಕೇಳಿ ಕಾಯುತ್ತೇನೆ. ಕೆಲವೊಮ್ಮೆ ಅಷ್ಟರಲ್ಲಿ ಬೆಲ್ ಹೊಡೆದುಬಿಡುತ್ತದೆ. ಹೊಡೆಯಲಿ, ಮರುದಿನ ಮತ್ತೆ ಅಲ್ಲಿಂದಲೇ ಶುರುಮಾಡುತ್ತೇವೆ.