ಹಳೆಯ ಮಾಡು, ಹೊಸ ಕೊಠಡಿ



ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ನಮ್ಮ ಪಾಠಶಾಲೆಯ ಹೆಂಚಿನ ಮಾಡು ಸೋರಿ, ಎಂಟನೆಯ ತರಗತಿಯ ಮಕ್ಕಳನ್ನು ಕೈಸಾಲೆಯಲ್ಲಿ ಕುಳ್ಳಿರಿಸಬೇಕಾಯಿತು. ಅದೇ ತಿಂಗಳಲ್ಲಿ ಉದಾರಿಗಳಾದ ಮಹನೀಯರೊಬ್ಬರು ಹೊಸ ಕೊಠಡಿಯೊಂದನ್ನು ಕಟ್ಟಿಸಿಕೊಡುವುದಾಗಿ ತಿಳಿಸಿದರು. ನಾವು ಹಿಗ್ಗಿದೆವು. ಕೊಡಲು ಬಂದವರ ಮುಂದೆ ಸೋರುವ ಮಾಡಿನ ಮಾತನ್ನೆತ್ತಲು ಮಾತ್ರ ನಾಚಿದೆವು. ಈ ನಾಚಿಕೆಯು ಎಷ್ಟು ದುಬಾರಿಯಾದುದೆಂಬುದು ನಮಗೆ ಮೈಸೂರಿನಲ್ಲಿ ಮನವರಿಕೆಯಾಯಿತು.

ಮಕ್ಕಳೊಡನೆ ಪ್ರವಾಸ ಹೋದಾಗ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಎದುರು ನಿಂತೆವು. ಚಾಮರಾಜ ಒಡೆಯರ ಹಿರಿಯ ಪುತ್ರಿಗಾಗಿ 1905ರಲ್ಲಿ ಕಟ್ಟಲ್ಪಟ್ಟ ಅರಮನೆಯಿದು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸ್ನಾತಕೋತ್ತರ ವಿದ್ಯಾಭ್ಯಾಸಕ್ಕಾಗಿ ವಿಶಾಲವಾದ ಸ್ಥಳವು ಬೇಕಾದಾಗ, ಕುವೆಂಪುರವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ, 1959ರಲ್ಲಿ ಇದನ್ನು ಕೊಂಡುಕೊಳ್ಳಲಾಯಿತು. ಮುಂದೆ ಜಾನಪದ ವಸ್ತುಸಂಗ್ರಹಾಲಯಕ್ಕೆ ಇದೇ ಮನೆಯಾಯಿತು. ನಿಂತಿರುವ ಕಟ್ಟಡವನ್ನೇ ವಿದ್ಯೆಗೆ ಒದಗಿಸಿಕೊಂಡುದು ದೂರದೃಷ್ಟಿಯ ಕಾರ್ಯವೇ ಸರಿ. ಆದರೆ ಮರ, ಇಟ್ಟಿಗೆ, ಗಾರೆಗಳು ಮಳೆಯೊಡನೆ ಒಪ್ಪಂದ ಮಾಡಿಕೊಂಡಿಲ್ಲವಷ್ಟೆ! ಈ ಶತಮಾನದ ಆರಂಭದಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು 1.17 ಕೋಟಿ ರೂಪಾಯಿಗಳನ್ನಿತ್ತು ಜೀರ್ಣೋದ್ಧಾರಕ್ಕೆ ನೆರವಾಯಿತು. ಕೆಲವು ವರ್ಷಗಳಲ್ಲಿಯೇ ಭವನದ ಭಾಗಗಳು ಮತ್ತೆ ಶಿಥಿಲವಾದುವು. ದೊಡ್ಡ ದಾನವು ಒಮ್ಮೆ ಬರುತ್ತದೆ. ಮಳೆಯಾದರೋ ಪ್ರತಿ ವರ್ಷವೂ ಬರುತ್ತದೆ.

ಸರಕಾರವೂ ಈ ಸತ್ಯವನ್ನು ಅರಿಯದೆ ಇಲ್ಲ. ಉನ್ನತ ಶಿಕ್ಷಣಕ್ಕೆಂದು 2013ರಲ್ಲಿ ಆರಂಭವಾದ ರೂಸಾ ಯೋಜನೆಯಲ್ಲಿ ಕಟ್ಟಡ, ಉಪಕರಣಗಳಿಗಾಗಿ ಕೊಡುವ ಧನವನ್ನು ಮೂರು ಪಾಲು ಮಾಡಿದ್ದರು: ನೂರಕ್ಕೆ 35 ಹೊಸ ಕಟ್ಟಡಕ್ಕೆ, 35 ಹಳೆಯದರ ನವೀಕರಣಕ್ಕೆ, 30 ಉಪಕರಣಗಳಿಗೆ. ಹಳೆಯದಕ್ಕೂ ಹೊಸದಕ್ಕೂ ಸಮಪಾಲು! ನಾವಾದರೋ ಹಳೆಯದಕ್ಕೆ ಒಂದು ಕಾಸನ್ನೂ ಕೇಳಿರಲಿಲ್ಲ.

ಊರಿಗೆ ಮರಳಿ ದಾನಿಗಳಿಗೆ ಎಲ್ಲವನ್ನೂ ಬಿನ್ನವಿಸಿದೆವು. ಅಷ್ಟರಲ್ಲಿ ಗೋಡೆಗಳು ಕಿಟಕಿಯ ಮಟ್ಟಕ್ಕೆ ಎದ್ದಿದ್ದುವು. “ಮೊದಲೇ ಹೇಳಿದ್ದರೆ ಅರ್ಧ ಹಣವನ್ನು ಮಾಡಿಗೇ ಕೊಡುತ್ತಿದ್ದೆನಲ್ಲಾ, ಅಮ್ಮಾ” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ನಮಗೆ ಹೆಚ್ಚು ನೋವಾಯಿತು.

ಹೊಸ ಕೊಠಡಿಯು ಈಗ ಸಿದ್ಧವಾಗಿ, ಮಕ್ಕಳು ಅದರಲ್ಲಿ ಸುಖವಾಗಿ ಕಲಿಯುತ್ತಿರುವರು. ಹಳೆಯ ಮಾಡು ಇನ್ನೂ ಸೋರುತ್ತಲೇ ಇದೆ. ಇನ್ನು ಮುಂದೆ ಕಟ್ಟಡಕ್ಕಾಗಿ ಬರುವ ಪ್ರತಿಯೊಂದು ಕಾಣಿಕೆಯಲ್ಲಿಯೂ ಹತ್ತರಲ್ಲೊಂದು ಪಾಲನ್ನು ದುರಸ್ತಿಗೆಂದು ಬೇರೆ ಇರಿಸತಕ್ಕದ್ದೆಂದು ನಮ್ಮ ಆಡಳಿತ ಮಂಡಲಿಯು ನಿರ್ಣಯಿಸಿದೆ.

ಹಳೆಯ ವಿದ್ಯಾರ್ಥಿನಿಯರೇ, ನೀವು ಮಗ್ಗಿ ಕಲಿತುದು, ಗೆಳತಿಯರೊಡನೆ ಬುತ್ತಿ ಹಂಚಿಕೊಂಡುದು ಆ ಮಾಡಿನ ಕೆಳಗೆಯೇ. ಹೆಂಚಿನ ಮೇಲೆ ಯಾರ ಹೆಸರನ್ನೂ ಕೆತ್ತಿಸಲಾಗದು. ಅದರ ಕೆಳಗೆ ಒಣಗಿದ ನೆಲದ ಮೇಲೆ ಮಕ್ಕಳು ಕುಳಿತಿರುವರು, ಅಷ್ಟೆ. ಈ ಸಲ ನಾವು ನಾಚದೆ ಕೇಳುತ್ತಿರುವೆವು.